ಬಸ್ಸಿನಿಂದ ಪರಿಚಯವಾದ ಹೆಸರು, ಕಾರಿನಲ್ಲಿ ಏನಿದೆ?

ಕರ್ನಾಟಕದಲ್ಲಿ ವೋಲ್ವೋ ಎಂದರೆ ಮೊದಲು ಕಣ್ಣಮುಂದೆ ಬರುವುದು ಬಸ್ಸು. 2001ರ ಹೊತ್ತಿಗೆ ಬಿ7ಆರ್ ಬಸ್ಸುಗಳು ಭಾರತದ ರಸ್ತೆಗಿಳಿದವು. ಆಮೇಲೆ ಕೆಎಸ್‌ಆರ್‌ಟಿಸಿಯ ಐರಾವತ, ಬೆಂಗಳೂರಿನೊಳಗೆ ಬಿಎಂಟಿಸಿಯ ವಜ್ರ. ಹೆಸರು ಎಷ್ಟು ಬೇರುಬಿಟ್ಟಿತೆಂದರೆ, ಬೇರೆ ಕಂಪನಿಯ ಎಸಿ ಬಸ್ಸು ಬಂದು ನಿಂತರೂ ‘ವೋಲ್ವೋ ಬಂತು’ ಎನ್ನುತ್ತೇವೆ. ಹಾಗಾಗಿ ಎಪ್ಪತ್ತು ಲಕ್ಷ ಸುರಿದು ವೋಲ್ವೋ ಕಾರು ತಂದವರನ್ನು ಊರಿನ ಹಿರಿಯರು ‘ಬಸ್ ಕಂಪನಿಯ ಕಾರೇನಪ್ಪ?’ ಎಂದು ಕೇಳಿದರೆ ಅಚ್ಚರಿಯಿಲ್ಲ.

ಒಂದು ಕಾಲಕ್ಕೆ ಹೌದು, ಈಗ ಅಲ್ಲ. ಬಸ್ಸು, ಲಾರಿ ಮಾಡುವ ಸ್ವೀಡನ್ನಿನ ವೋಲ್ವೋ ಗ್ರೂಪ್ 1999ರಲ್ಲಿ ತನ್ನ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ 645 ಕೋಟಿ ಡಾಲರಿಗೆ ಮಾರಿತು. ಹನ್ನೊಂದು ವರ್ಷ ಇಟ್ಟುಕೊಂಡ ಫೋರ್ಡ್, 2010ರಲ್ಲಿ ಅದನ್ನು ಚೀನಾದ ಗೀಲಿ ಕಂಪನಿಗೆ ಸುಮಾರು 180 ಕೋಟಿ ಡಾಲರಿಗೆ ದಾಟಿಸಿತು. ಕೊಂಡ ಬೆಲೆಯ ಮೂರನೇ ಒಂದು ಪಾಲೂ ವಾಪಸು ಬರಲಿಲ್ಲ. 2021ರಲ್ಲಿ ವೋಲ್ವೋ ಕಾರ್ಸ್ ಸ್ಟಾಕ್‌ಹೋಮ್ ಷೇರುಪೇಟೆಗೆ ಬಂತಾದರೂ ದೊಡ್ಡ ಪಾಲು ಈಗಲೂ ಗೀಲಿಯದೇ. ಬಸ್ಸಿನ ಕಂಪನಿಗೂ ಕಾರಿನ ಕಂಪನಿಗೂ ಉಳಿದಿರುವ ನಂಟು ಹಂಚಿಕೊಂಡ ಹೆಸರು ಮತ್ತು ಲಾಂಛನ. ನಮ್ಮಲ್ಲಿ ಮಾತ್ರ ಇನ್ನೂ ಒಂದು ನಂಟಿದೆ, ಅದು ಹೊಸಕೋಟೆ. ವೋಲ್ವೋ ಲಾರಿಗಳ ಕಾರ್ಖಾನೆ 1998ರಿಂದ ಇರುವ ಆ ಜಾಗದಲ್ಲೇ, ವೋಲ್ವೋ ಗ್ರೂಪ್‌ನ ಸಹಕಾರದಲ್ಲಿ, 2017ರಿಂದ ಕಾರುಗಳ ಜೋಡಣೆಯೂ ನಡೆಯುತ್ತಿದೆ.

ಐಷಾರಾಮಿ ಕಾರುಗಳ ಸಾಲಿನಲ್ಲಿ ವೋಲ್ವೋದ್ದು ಸ್ವಲ್ಪ ಬೇರೆಯೇ ಜಾತಿ. ಮರ್ಸಿಡಿಸ್ ಗತ್ತನ್ನು ಮಾರುತ್ತದೆ, ಬಿಎಂಡಬ್ಲ್ಯು ಓಡಿಸುವ ಖುಷಿಯನ್ನು. ವೋಲ್ವೋ ಮಾರುವುದು, ನಮಗೆಂದೂ ಬೇಕಾಗದಿರಲಿ ಎಂದು ಹಾರೈಸುವಂಥ ಸಂಗತಿಯನ್ನು: ಅಪಘಾತದಲ್ಲಿ ಬದುಕುಳಿಯುವುದು. ಈ ಕಾರನ್ನು ಕೊಳ್ಳಬೇಕೇ ಬೇಡವೇ, ಕೊಂಡರೆ ಯಾವುದು ಎಂದು ತೀರ್ಮಾನಿಸುವ ಮೊದಲು ಆ ಹೆಸರು ಅದಕ್ಕೆ ಹೇಗೆ ಬಂತೆಂದು ತಿಳಿಯುವುದು ಒಳ್ಳೆಯದು. ಶೋರೂಮಿನ ಹುಡುಗರು ಹೇಳುವುದರಲ್ಲಿ ಜಾಹೀರಾತು ಎಷ್ಟು, ಚರಿತ್ರೆ ಎಷ್ಟು ಎಂಬುದು ಆಗ ಗೊತ್ತಾಗುತ್ತದೆ.

ಚಳಿನಾಡಿನಲ್ಲಿ ತೆರೆದ ಕಾರು

ಸ್ವೀಡನ್ನಿನ ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್ ಬಂದರು ನಗರಿ. ಅಲ್ಲಿನ ಎಸ್‌ಕೆಎಫ್ ಬೇರಿಂಗ್ ಕಂಪನಿಯ ಮಾರಾಟ ವಿಭಾಗದಲ್ಲಿದ್ದ ಅಸ್ಸಾರ್ ಗೇಬ್ರಿಯಲ್‌ಸನ್ ಮತ್ತು ಎಂಜಿನಿಯರ್ ಗುಸ್ತಾಫ್ ಲಾರ್ಸನ್ ಸೇರಿ, ಸ್ವೀಡನ್ನಿನ ಕೆಟ್ಟ ರಸ್ತೆಗೂ ಕೊರೆಯುವ ಚಳಿಗೂ ತಡೆಯುವ ಕಾರೊಂದನ್ನು ದೇಶದೊಳಗೇ ಮಾಡಬೇಕೆಂದು ಹೊರಟರು. 1927ರ ಏಪ್ರಿಲ್ 14ರಂದು ಮೊದಲ ಕಾರು ಕಾರ್ಖಾನೆಯ ಬಾಗಿಲು ದಾಟಿತು. ಹಿಂದಿನ ಆಕ್ಸಲ್ಲಿನ ಗೇರನ್ನು ತಿರುಗಾಮುರುಗಾ ಜೋಡಿಸಿದ್ದರಿಂದ, ಮೊದಲ ಸಲ ಗೇರು ಹಾಕಿದಾಗ ಕಾರು ಹಿಂದಕ್ಕೆ ಚಲಿಸಿತು ಎಂಬ ಕಥೆಯನ್ನು ಕಂಪನಿಯೇ ನಗುನಗುತ್ತ ಹೇಳಿಕೊಳ್ಳುತ್ತದೆ. ನಿಜವಾದ ಎಡವಟ್ಟು ಬೇರೆಯೇ ಇತ್ತು. ಚಳಿಗೆಂದು ಹೊರಟವರು ಮೊದಲು ಮಾಡಿದ್ದು ಮೇಲ್ಚಾವಣಿ ಮಡಚುವ ತೆರೆದ ಕಾರು! ಜನ ಮುಚ್ಚಿದ ಕಾರೇ ಬೇಕೆಂದರು, ಮಾರಾಟ ನೀರಸವಾಯಿತು. ಕಂಪನಿಯನ್ನು ಮೊದಲ ವರ್ಷಗಳಲ್ಲಿ ಕೈಹಿಡಿದು ನಡೆಸಿದ್ದು ಲಾರಿಗಳು.

ಸುರಕ್ಷತೆಯ ಚರಿತ್ರೆ ಶುರುವಾಗುವುದು ಪಿವಿ444 ಎಂಬ ಪುಟ್ಟ ಕಾರಿನಿಂದ. 1944ರಲ್ಲಿ ಪ್ರದರ್ಶನಕ್ಕಿಟ್ಟ ಈ ಕಾರಿನ ಮುಂಗಾಜು ಪದರಗಾಜಿನದು. ಒಡೆದರೂ ಚೂರುಚೂರಾಗಿ ಮುಖಕ್ಕೆ ಸಿಡಿಯುತ್ತಿರಲಿಲ್ಲ. ಆದರೆ ಜಗತ್ತು ವೋಲ್ವೋವನ್ನು ನೆನಪಿಡುವುದು 1959ರಿಂದ.

ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ಅದಕ್ಕೂ ಮುಂಚೆ ಇದ್ದದ್ದು ಸಾಬ್ ವಿಮಾನ ಕಂಪನಿಯಲ್ಲಿ. ಅಪಾಯದ ಹೊತ್ತಿನಲ್ಲಿ ಪೈಲಟ್‌ನನ್ನು ವಿಮಾನದಿಂದ ಆಚೆ ಎಸೆಯುವ ಆಸನಗಳನ್ನು ವಿನ್ಯಾಸಗೊಳಿಸುವುದು ಅವರ ಕೆಲಸ. ಮನುಷ್ಯನ ಮೈ ಎಷ್ಟು ಹೊಡೆತ ತಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಅವರಿಗೆ ಕರತಲಾಮಲಕ. 1958ರಲ್ಲಿ ವೋಲ್ವೋ ಸೇರಿದಾಗ ಕಾರುಗಳಲ್ಲಿ ಬೆಲ್ಟ್ ಇರಲೇ ಇಲ್ಲವೆಂದಲ್ಲ. ಸೊಂಟಕ್ಕೆ ಕಟ್ಟುವ ಎರಡು ತುದಿಯ ಬೆಲ್ಟ್ ಕೆಲವದರಲ್ಲಿತ್ತು. ಡಿಕ್ಕಿಯಾದಾಗ ಮೈ ಮುಂದಕ್ಕೆ ಬಾಗಿ ಎದೆ ಸ್ಟೀರಿಂಗಿಗೆ ಹೊಡೆಯುತ್ತಿತ್ತು, ಹೊಟ್ಟೆಯೊಳಗೆ ಪೆಟ್ಟಾಗುತ್ತಿತ್ತು. ಬೋಲಿನ್ ಎದೆಗೆ ಅಡ್ಡಲಾಗಿ ಒಂದು ಪಟ್ಟಿ, ಸೊಂಟಕ್ಕೆ ಒಂದು ಪಟ್ಟಿ, ಎರಡೂ ಆಸನದ ಪಕ್ಕದಲ್ಲಿ ತಗ್ಗಿನ ಒಂದೇ ಬಿಂದುವಿಗೆ ಬಂದು ಸೇರುವಂತೆ ಮಾಡಿದರು. ಹೊಡೆತ ಎದೆಗೂಡು ಮತ್ತು ಸೊಂಟದ ಗಟ್ಟಿ ಮೂಳೆಗಳ ಮೇಲೆ ಹಂಚಿಹೋಯಿತು. ಒಂದೇ ಕೈಯಲ್ಲಿ ಸಿಕ್ಕಿಸಬಹುದು ಎಂಬುದೂ ಸಣ್ಣ ವಿಷಯವಲ್ಲ. ಕಟ್ಟಿಕೊಳ್ಳಲು ತ್ರಾಸವಾದರೆ ಯಾರೂ ಕಟ್ಟಿಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. 1959ರ ಆಗಸ್ಟ್‌ನಲ್ಲಿ ಈ ಮೂರು ಬಿಂದುವಿನ ಬೆಲ್ಟ್ ಇದ್ದ ಪಿವಿ544 ಕಾರು ಮಾರಾಟಕ್ಕೆ ಬಂತು.

ವೋಲ್ವೋ ಪೇಟೆಂಟ್ ತೆಗೆದುಕೊಂಡಿತು, ಆದರೆ ಬೀಗ ಹಾಕಿಕೊಳ್ಳಲಿಲ್ಲ. ಬೇಕಾದ ಕಾರು ಕಂಪನಿ ಬಳಸಿಕೊಳ್ಳಲಿ ಎಂದು ತೆರೆದಿಟ್ಟಿತು. 1967ರಲ್ಲಿ ಬೋಲಿನ್, ಸ್ವೀಡನ್ನಿನಲ್ಲಿ ವೋಲ್ವೋ ಕಾರುಗಳಿಗಾದ 28,000 ಅಪಘಾತಗಳ ಅಧ್ಯಯನವನ್ನು ಮುಂದಿಟ್ಟರು: ಬೆಲ್ಟ್ ಹಾಕಿಕೊಂಡಿದ್ದವರಲ್ಲಿ ಗಂಟೆಗೆ ಸುಮಾರು 96 ಕಿ.ಮೀ. ವೇಗದವರೆಗೆ ಒಬ್ಬರೂ ಸತ್ತಿರಲಿಲ್ಲ. ಇಂದು ಮಾರುತಿ ಆಲ್ಟೋದಲ್ಲಿರುವುದೂ ರೋಲ್ಸ್‌ರಾಯ್ಸ್‌ನಲ್ಲಿರುವುದೂ ಮೂಲತಃ ಅದೇ ಬೆಲ್ಟ್. ವೋಲ್ವೋದ ಅತ್ಯುತ್ತಮ ಕೆಲಸವನ್ನು ಅನುಭವಿಸಲು ವೋಲ್ವೋ ಕೊಳ್ಳಬೇಕಾಗಿಲ್ಲ ಎಂದಾಯಿತು.

ಮಕ್ಕಳ ಆಸನದ ಕಥೆಯೂ ಅಷ್ಟೇ ಸೊಗಸು. ಗೋಥೆನ್‌ಬರ್ಗಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಜೆಮಿನಿ ಗಗನಯಾನಿಗಳು ರಾಕೆಟ್ ಮೇಲೇಳುವಾಗ ಬೆನ್ನಿಗೆ ಭಾರ ಹಂಚಿಕೊಂಡು ಮಲಗುವುದನ್ನು ನೋಡಿ, ಮಗುವನ್ನೂ ಹಿಂದಕ್ಕೆ ಮುಖಮಾಡಿ ಕೂರಿಸಬೇಕೆಂದರು. 1964ರಲ್ಲಿ ವೋಲ್ವೋ ಕಾರಿನಲ್ಲೇ ಅದರ ಮೊದಲ ಪರೀಕ್ಷೆ ನಡೆಯಿತು. 1972ರಲ್ಲಿ ಕಂಪನಿ ಹಿಂಮುಖದ ಮಕ್ಕಳ ಆಸನವನ್ನು ಮಾರತೊಡಗಿತು. ಮಗುವಿನ ತಲೆ ಮೈಗೆ ಹೋಲಿಸಿದರೆ ಬಹಳ ಭಾರ, ಕುತ್ತಿಗೆ ಎಳಸು. ಮುಂದಕ್ಕೆ ಮುಖಮಾಡಿ ಕೂತ ಮಗುವಿನ ತಲೆ ಡಿಕ್ಕಿಯಲ್ಲಿ ಮುಂದಕ್ಕೆ ಎಸೆಯಲ್ಪಟ್ಟರೆ ಆ ಎಳೆಯ ಕತ್ತು ತಡೆಯಲಾರದು. ಕನಿಷ್ಠ ನಾಲ್ಕು ವರ್ಷದವರೆಗೂ ಹಿಂಮುಖವಾಗಿಯೇ ಕೂರಿಸಿ ಎಂಬುದು ವೋಲ್ವೋದ ಸಲಹೆ. ಎಪ್ಪತ್ತು ಲಕ್ಷದ ಕಾರಿನ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದನ್ನು ನಮ್ಮ ರಸ್ತೆಗಳಲ್ಲಿ ದಿನಾ ನೋಡುತ್ತೇವೆ. ಇಂಥವರು ಕಾರಿಗೆ ಕೊಟ್ಟ ಹಣ ದಂಡ.

1970ರಲ್ಲಿ ಕಂಪನಿ ಅಪಘಾತ ಅಧ್ಯಯನದ ತಂಡವೊಂದನ್ನು ಕಟ್ಟಿತು. ವೋಲ್ವೋ ಕಾರು ಅಪಘಾತಕ್ಕೀಡಾದರೆ ಈ ತಂಡ ಸ್ಥಳಕ್ಕೆ ಹೋಗಿ ಅಳತೆ ತೆಗೆಯುತ್ತದೆ, ವೈದ್ಯಕೀಯ ದಾಖಲೆ ನೋಡುತ್ತದೆ. ಅಲ್ಲಿಂದ ಬಂದ ಪಾಠಗಳೇ ಮುಂದೆ ಒಂದೊಂದಾಗಿ ಕಾರಿಗೆ ಸೇರಿದವು: 1991ರಲ್ಲಿ ಪಕ್ಕದ ಡಿಕ್ಕಿಯಿಂದ ಕಾಯುವ ಚೌಕಟ್ಟು, 1994ರಲ್ಲಿ ಪಕ್ಕದ ಏರ್‌ಬ್ಯಾಗ್, 1998ರಲ್ಲಿ ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಂತೆ ತಡೆಯುವ ಆಸನ, 2008ರಲ್ಲಿ ಎದುರಿನ ವಾಹನ ನಿಂತಿದ್ದರೆ ತಾನೇ ಬ್ರೇಕ್ ಹಾಕುವ ‘ಸಿಟಿ ಸೇಫ್ಟಿ’. 2019ರಲ್ಲಿ ತನ್ನ ದಶಕಗಳ ಸಂಶೋಧನೆಯನ್ನು ಯಾರು ಬೇಕಾದರೂ ನೋಡಲೆಂದು ತೆರೆದಿಟ್ಟಿತು. ಪರೀಕ್ಷೆಯ ಗೊಂಬೆಗಳು ಹೆಚ್ಚಾಗಿ ಗಂಡಸಿನ ಅಳತೆಯವಾಗಿ, ಹೆಂಗಸರಿಗೆ ಹೆಚ್ಚು ಪೆಟ್ಟಾಗುತ್ತಿರುವ ವಿಷಯವನ್ನು ಮುನ್ನೆಲೆಗೆ ತರುವುದು ಅದರ ಉದ್ದೇಶವಾಗಿತ್ತು.

ಪರಿಸರಕ್ಕೂ ಒಂದು ಕೊಡುಗೆಯಿದೆ. ಪೆಟ್ರೋಲ್ ಕಾರಿನ ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕ ಅಳೆದು ಇಂಧನದ ಮಿಶ್ರಣ ಸರಿಪಡಿಸುವ ‘ಲ್ಯಾಂಬ್ಡಾ’ ಸೆನ್ಸರನ್ನು ವೋಲ್ವೋ 1976ರಲ್ಲಿ ತಂದಿತು. ಇಂದಿನ ಬಿಎಸ್6 ಪೆಟ್ರೋಲ್ ಕಾರುಗಳಲ್ಲೂ ಅದರ ಮೊಮ್ಮಕ್ಕಳಿವೆ.

ಬಾಳಿಕೆಗೆ ಸಾಕ್ಷಿ ಬೇಕೆಂದರೆ ಅಮೆರಿಕದ ಶಾಲಾ ಮಾಸ್ತರು ಇರ್ವ್ ಗಾರ್ಡನ್ ಅವರ ಕಥೆಯಿದೆ. 1966ರಲ್ಲಿ ಕೊಂಡ ಕೆಂಪು ಪಿ1800 ಕಾರಿನಲ್ಲಿ ಅವರು 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿ.ಮೀ. ದಾಟಿ ಗಿನ್ನೆಸ್ ದಾಖಲೆ ಬರೆದರು. ಆ ಕಾಲದ ವೋಲ್ವೋಗಳಲ್ಲಿ ಕೆಡಲು ಹೆಚ್ಚೇನೂ ಇರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಇವತ್ತಿನ ಕಾರುಗಳಿಗೆ ಅದೇ ಮಾತು ಅನ್ವಯಿಸುವುದಿಲ್ಲ.

ಹೊಗಳಿಕೆಯ ಪಕ್ಕದಲ್ಲೇ ಇಡಬೇಕಾದದ್ದು

ಸುರಕ್ಷತೆಯ ಹೆಸರಿದೆ ಎಂದು ಕಣ್ಣುಮುಚ್ಚಿ ನಂಬಬೇಕಿಲ್ಲ. 2020ರಲ್ಲಿ ವೋಲ್ವೋ ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಿತು. ಕಂಪನಿಯ ಚರಿತ್ರೆಯಲ್ಲೇ ಅದು ಅತಿ ದೊಡ್ಡ ರೀಕಾಲ್. ಕಾರಣ, ಮುಂದಿನ ಸೀಟ್ ಬೆಲ್ಟಿಗೆ ಸೇರಿದ ಉಕ್ಕಿನ ತಂತಿ ಕಾಲಕ್ರಮೇಣ ಸವೆಯುತ್ತದೆ ಎಂಬುದು! ಬೆಲ್ಟಿನಿಂದಲೇ ಹೆಸರಾದವರಿಗೆ ಬೆಲ್ಟಿನಿಂದಲೇ ಮುಜುಗರ. ಹಳೆಯ ಎಸ್60, ಎಸ್80, ಮೊದಲ ತಲೆಮಾರಿನ ಎಕ್ಸ್‌ಸಿ60 ಈ ಪಟ್ಟಿಯಲ್ಲಿದ್ದವು.

ವಿದ್ಯುತ್ ಕಾರುಗಳ ವಿಷಯದಲ್ಲಿ ಮಾತು ಕೊಟ್ಟು ಹಿಂದೆ ಸರಿದದ್ದೂ ಉಂಟು. 2030ಕ್ಕೆ ಬರೀ ವಿದ್ಯುತ್ ಕಾರುಗಳನ್ನೇ ಮಾಡುತ್ತೇವೆ ಎಂದು 2021ರಲ್ಲಿ ಸಾರಿದ ಕಂಪನಿ, 2024ರ ಸೆಪ್ಟೆಂಬರಿನಲ್ಲಿ ಆ ಗುರಿ ಕೈಬಿಟ್ಟು ಹೈಬ್ರಿಡ್‌ಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು. ಅದೇ ವರ್ಷ ಕೊನೆಯ ಡೀಸೆಲ್ ವೋಲ್ವೋ ಕಾರ್ಖಾನೆಯಿಂದ ಹೊರಬಂತು. ಅಮೆರಿಕ, ಯುರೋಪಿನಲ್ಲಿ ಮಾರುವ ದೊಡ್ಡ ಇಎಕ್ಸ್90 ಕಾರಿನ ನೆತ್ತಿಯ ಮೇಲೆ ಲೇಸರ್ ಕಣ್ಣು ಇಟ್ಟು, ಸುರಕ್ಷತೆಯ ಮುಂದಿನ ಯುಗವೆಂದು ಡಂಗುರ ಸಾರಿದ್ದರು. 2026ರ ಮಾದರಿಯಲ್ಲಿ ಅದೇ ಇಲ್ಲ. ಹೊಸ ಕಾರು ಕಂಪ್ಯೂಟರಿನಂತಾದಷ್ಟೂ ಸಾಫ್ಟ್‌ವೇರ್ ತೊಂದರೆಯೂ ಜೊತೆಗೇ ಬರುತ್ತಿದೆ. ಇಎಕ್ಸ್90ರ ಆರಂಭದ ಗ್ರಾಹಕರು ಅದನ್ನು ಚೆನ್ನಾಗಿ ಅನುಭವಿಸಿದರು.

ಇದರ ಮಧ್ಯೆ ಒಂದು ಗಟ್ಟಿ ಕೆಲಸವೂ ನಡೆದಿದೆ. 2026ರ ಇಎಕ್ಸ್60 ವಿದ್ಯುತ್ ಕಾರಿಗೆಂದು ಬೆಲ್ಟನ್ನೇ ಹೊಸದಾಗಿ ರೂಪಿಸಿದ್ದಾರೆ. ಕೂತವರ ಎತ್ತರ, ತೂಕ, ಕೂತ ಭಂಗಿ, ಡಿಕ್ಕಿಯ ತೀವ್ರತೆ ನೋಡಿಕೊಂಡು, ಎಷ್ಟು ಬಿಗಿ ಹಿಡಿಯಬೇಕು ಎಷ್ಟು ಸಡಿಲ ಬಿಡಬೇಕೆಂದು ಅದು ಕ್ಷಣಾರ್ಧದಲ್ಲಿ ನಿರ್ಧರಿಸುತ್ತದೆ. ಮೊದಲಿದ್ದ ಮೂರು ಹಂತಗಳ ಬದಲು ಹನ್ನೊಂದು. ನೂರು ಕೆ.ಜಿ.ಯ ಗಂಡಸಿಗೆ ಬೇಕಾದ ಬಿಗಿ, ನಲವತ್ತೈದು ಕೆ.ಜಿ.ಯ ಹೆಂಗಸಿನ ಪಕ್ಕೆಲುಬು ಮುರಿಯಬಾರದಲ್ಲ.

ಭಾರತದ ಶೋರೂಮಿನಲ್ಲಿ

ವೋಲ್ವೋ ಕಾರುಗಳು ಭಾರತಕ್ಕೆ ಬಂದದ್ದು 2007ರಲ್ಲಿ. ಇವತ್ತಿಗೂ ಇದು ಸಣ್ಣ ವ್ಯಾಪಾರ. ಮರ್ಸಿಡಿಸ್ ವರ್ಷಕ್ಕೆ ಹತ್ತೊಂಬತ್ತು ಸಾವಿರದ ಸುಮಾರು ಕಾರು ಮಾರಿದರೆ, ವೋಲ್ವೋ ಎರಡು ಸಾವಿರದ ಆಸುಪಾಸಿನಲ್ಲಿ ಆಡುತ್ತದೆ. ಎಸ್60, ಎಸ್90 ಸೆಡಾನ್‌ಗಳೂ ಪೆಟ್ರೋಲ್ ಎಕ್ಸ್‌ಸಿ40ಯೂ ಒಂದೊಂದಾಗಿ ಹೊರಟುಹೋಗಿ, 2025ರ ಕೊನೆಗೆ ಉಳಿದದ್ದು ಐದು ಕಾರುಗಳು: ಪೆಟ್ರೋಲಿನವು ಎರಡು, ವಿದ್ಯುತ್ತಿನವು ಮೂರು. ಐದನ್ನೂ ಹೊಸಕೋಟೆಯಲ್ಲೇ, ಹೊರಗಿನಿಂದ ಬಂದ ಭಾಗಗಳನ್ನು ಸೇರಿಸಿ ಜೋಡಿಸುತ್ತಾರೆ.

ಇವುಗಳಲ್ಲಿ ಎಕ್ಸ್‌ಸಿ60 ಕಂಪನಿಯ ಅನ್ನದಾತ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ವೋಲ್ವೋ ಇದೇ. ದಶಕಗಳ ಹಿಂದಿನ 240 ಮಾದರಿಯ ದಾಖಲೆಯನ್ನೂ ಮುರಿದಿದೆ. ಐದು ಜನಕ್ಕೆ, 4.7 ಮೀಟರ್ ಉದ್ದ, ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 250 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ. ‘ಮೈಲ್ಡ್ ಹೈಬ್ರಿಡ್’ ಎಂದು ಬರೆದಿರುವುದನ್ನು ನೋಡಿ ಬ್ಯಾಟರಿಯಲ್ಲೇ ಓಡೀತೆಂದು ತಿಳಿಯಬೇಡಿ. 48 ವೋಲ್ಟಿನ ಸಣ್ಣ ಬ್ಯಾಟರಿ ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ. ಊರೊಳಗೆ ಲೀಟರಿಗೆ ಎರಡಂಕಿ ಮೈಲೇಜ್ ಸಿಕ್ಕರೆ ಅದೃಷ್ಟ. 2017ರಲ್ಲಿ ಯುರೋ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಶೇ 98 ಅಂಕ ಪಡೆದಿತ್ತು. 2025ರ ಆಗಸ್ಟ್‌ನಲ್ಲಿ ಹೊಸ ಪರದೆ, ಹೊಸ ಮುಖದೊಂದಿಗೆ ಬಂದಾಗ ಎಕ್ಸ್-ಶೋರೂಂ ಬೆಲೆ 71.90 ಲಕ್ಷ. ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಒಟ್ಟುಗೂಡಿ ಶೇ 40ಕ್ಕೆ ಇಳಿದದ್ದರಿಂದ ಬೆಲೆಯೂ ಕೆಲವು ಲಕ್ಷ ಇಳಿಯಿತು. ಹಳೆಯ ಕೊಟೇಶನ್ ಇಟ್ಟುಕೊಂಡು ಚೌಕಾಸಿಗೆ ಕೂರಬೇಡಿ.

ಎಕ್ಸ್‌ಸಿ90 ಅದರ ಅಣ್ಣ. ಏಳು ಆಸನ, ಐದು ಮೀಟರಿಗೆ ತುಸು ಕಡಿಮೆ ಉದ್ದ, ಎಂಜಿನ್ ಅದೇ. ಮೂರನೇ ಸಾಲಿನಲ್ಲಿ ಮಕ್ಕಳು ಹಾಯಾಗಿ, ದೊಡ್ಡವರು ಹೇಗೋ ಕೂರಬಹುದು. ಗಾಳಿ ತುಂಬಿದ ಸಸ್ಪೆನ್ಷನ್ ಇರುವುದರಿಂದ ಕೆಟ್ಟ ರಸ್ತೆಯಲ್ಲಿ ಕಾರನ್ನು ಮೇಲೆತ್ತಿಕೊಳ್ಳಬಹುದು. ಮಲೆನಾಡಿನ ತೋಟದ ಮನೆಗಳಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. 2025ರ ಮಾರ್ಚ್‌ನಲ್ಲಿ ಬಂದಾಗ 1.03 ಕೋಟಿ ಇತ್ತು. ಎರಡು ಟನ್ ಮೀರಿದ ಮೈಗೆ 250 ಅಶ್ವಶಕ್ತಿ ಸಾಲದು ಎಂದು ಗೊಣಗುವವರಿದ್ದಾರೆ. ಓವರ್‌ಟೇಕ್‌ಗೆ ಅವಸರಪಡುವವರು ಈ ಕಾರಿನತ್ತ ಬರದಿರುವುದೇ ಮೇಲು.

ಇಎಕ್ಸ್40 ಮತ್ತು ಇಸಿ40 ಒಂದೇ ತಾಯಿಯ ಮಕ್ಕಳು. ಹಿಂದೆ ಎಕ್ಸ್‌ಸಿ40 ರೀಚಾರ್ಜ್, ಸಿ40 ರೀಚಾರ್ಜ್ ಎಂದು ಕರೆಯುತ್ತಿದ್ದವಕ್ಕೆ 2024ರಲ್ಲಿ ಹೆಸರು ಬದಲಾಯಿತು. ಭಾರತದಲ್ಲೇ ಜೋಡಿಸಿದ ಮೊದಲ ಐಷಾರಾಮಿ ವಿದ್ಯುತ್ ಕಾರುಗಳ ಸಾಲಿನಲ್ಲಿ, 2022ರಲ್ಲಿ ಹೊಸಕೋಟೆಯಿಂದ ಹೊರಬಂದದ್ದು ಇಎಕ್ಸ್40ರ ಹಳೆಯ ರೂಪ. ಒಂದೇ ಮೋಟಾರಿನ ಇಎಕ್ಸ್40 ಸಾಕಷ್ಟು ಚುರುಕು. ಇಸಿ40ಯ 408 ಅಶ್ವಶಕ್ತಿ ನಮ್ಮ ರಸ್ತೆಗೆ ಅನಗತ್ಯ, ಮೇಲೆ ಅದರ ಇಳಿಜಾರು ಬೆನ್ನು ಹಿಂದೆ ಕೂತವರ ತಲೆಯ ಜಾಗವನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಕಿರಿದು ಇಎಕ್ಸ್30. 2025ರ ಸೆಪ್ಟೆಂಬರಿನಲ್ಲಿ 41 ಲಕ್ಷಕ್ಕೆ ಬಂತು. 4.23 ಮೀಟರ್ ಉದ್ದ, ಅಂದರೆ ಹ್ಯುಂಡೈ ಕ್ರೆಟಾಕ್ಕಿಂತಲೂ ಗಿಡ್ಡ. 272 ಅಶ್ವಶಕ್ತಿ, 69 ಯುನಿಟ್ ಹಿಡಿಯುವ ಬ್ಯಾಟರಿ, ಕಂಪನಿಯ ಲೆಕ್ಕದಲ್ಲಿ 480 ಕಿ.ಮೀ. ಓಟ. ಚಾಲಕನ ಮುಂದೆ ಮೀಟರ್ ಬೋರ್ಡೇ ಇಲ್ಲ. ವೇಗವನ್ನೂ ನಡುವಿನ ಪರದೆಯಲ್ಲೇ ಇಣುಕಿ ನೋಡಬೇಕು. ಕನ್ನಡಿ ಸರಿಪಡಿಸಲೂ ಪರದೆಯನ್ನೇ ಒತ್ತಬೇಕು. ರಸ್ತೆಯಿಂದ ಕಣ್ಣು ತೆಗೆಸುವ ಈ ವಿನ್ಯಾಸ ಸುರಕ್ಷತೆಯ ಕಂಪನಿಗೆ ಒಪ್ಪುವಂಥದಲ್ಲ. ಹಿಂದಿನ ಸೀಟು ಎತ್ತರದವರಿಗೆ ಇಕ್ಕಟ್ಟು. ಇನ್ನೊಂದು ಮುಖ್ಯ ವಿಷಯ: 2025ರ ಕೊನೆಗೆ ಹಲವು ದೇಶಗಳಲ್ಲಿ, ಕೆಲವು ಇಎಕ್ಸ್30 ಕಾರುಗಳ ಬ್ಯಾಟರಿ ಅತಿಯಾಗಿ ಬಿಸಿಯಾಗುವ ಅಪಾಯವಿದೆಯೆಂದು, ಶೇ 70ಕ್ಕಿಂತ ಹೆಚ್ಚು ಚಾರ್ಜ್ ಮಾಡಬೇಡಿ ಎಂದು ಕಂಪನಿ ಮಾಲೀಕರಿಗೆ ಸೂಚಿಸಿತ್ತು. ಕೊಳ್ಳುವ ಮುನ್ನ ನಿಮ್ಮ ಕಾರಿನ ಚಾಸಿಸ್ ನಂಬರ್ ಹಿಡಿದು, ಅದಕ್ಕೆ ಇದು ಅನ್ವಯಿಸುತ್ತದೆಯೇ ಎಂಬ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಜೇಬಿನ ಲೆಕ್ಕ

ಎಕ್ಸ್-ಶೋರೂಂ ಬೆಲೆ ಬರೀ ಆರಂಭ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಭಾರಿ ಎನಿಸಿಕೊಂಡದ್ದು. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. 65 ಲಕ್ಷದ ಕಾರು ಎಂದುಕೊಳ್ಳಿ. ತೆರಿಗೆಯೇ 13 ಲಕ್ಷದ ಹತ್ತಿರ, ಅಂದರೆ ಒಳ್ಳೆಯ ಇನ್ನೊಂದು ಕಾರಿನ ಬೆಲೆ. ವಿದ್ಯುತ್ ಕಾರುಗಳಿಗೆ ಮೊದಲು ವಿನಾಯಿತಿ ಇತ್ತು. 2024ರಿಂದ 25 ಲಕ್ಷ ಮೀರಿದವಕ್ಕೆ ಶೇ 10 ಹಾಕಿದ್ದಾರೆ. ಜಿಎಸ್‌ಟಿಯಲ್ಲೂ ವ್ಯತ್ಯಾಸ ದೊಡ್ಡದು: ಪೆಟ್ರೋಲಿಗೆ ಶೇ 40, ವಿದ್ಯುತ್ತಿಗೆ ಶೇ 5. ಇಎಕ್ಸ್30 ಈ ಬೆಲೆಗೆ ಸಿಗುತ್ತಿರುವುದರ ಗುಟ್ಟು ಇಲ್ಲೇ ಇದೆ.

10 ಲಕ್ಷ ಮೀರಿದ ಕಾರಿಗೆ ಶೋರೂಮಿನವರು ಶೇ 1 ಟಿಸಿಎಸ್ ಹಿಡಿಯುತ್ತಾರೆ. ಇದು ಹೆಚ್ಚುವರಿ ಖರ್ಚಲ್ಲ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಎಷ್ಟೋ ಜನ ಮರೆತುಬಿಡುತ್ತಾರೆ. ತೆರಿಗೆ ಉಳಿಸಲು ಪುದುಚೇರಿಯಲ್ಲಿ ನೋಂದಾಯಿಸಿಕೊಡುತ್ತೇವೆ ಎನ್ನುವ ಏಜೆಂಟರ ಸಹವಾಸ ಬೇಡ. ಹೊರರಾಜ್ಯದ ನಂಬರಿನ ಕಾರು ಒಂದು ವರ್ಷ ಮೀರಿ ಇಲ್ಲಿದ್ದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. ಐಷಾರಾಮಿ ಕಾರುಗಳನ್ನು ಆರ್‌ಟಿಒ ಅಧಿಕಾರಿಗಳು ಹುಡುಕಿ ಹಿಡಿಯುತ್ತಿದ್ದಾರೆ.

ವಿಮೆಯಲ್ಲಿ ಜೀರೋ ಡೆಪ್ರಿಸಿಯೇಶನ್ ಮತ್ತು ರಿಟರ್ನ್ ಟು ಇನ್‌ವಾಯ್ಸ್ ಎರಡನ್ನೂ ತೆಗೆದುಕೊಳ್ಳಿ. ರಡಾರ್, ಕ್ಯಾಮೆರಾ ತುಂಬಿರುವ ಈ ಕಾರುಗಳಲ್ಲಿ ಸಣ್ಣ ತಾಗುವಿಕೆಯೂ ದುಬಾರಿ. ಮುಂಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಡೀಲರುಗಳು ಕಡಿಮೆ. ಬೆಂಗಳೂರಿನವರಿಗೆ ಚಿಂತೆಯಿಲ್ಲ. ಬಳ್ಳಾರಿ, ವಿಜಯಪುರ, ಕಲಬುರಗಿಯವರು ಮಾತ್ರ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ, ದಾರಿಯಲ್ಲಿ ಕೆಟ್ಟರೆ ಲಾರಿಯ ಮೇಲೆ ಒಯ್ಯುವ ಖರ್ಚು ಯಾರದು ಎಂದು ಮೊದಲೇ ಕೇಳಬೇಕು. ಟೈರಿನ ಬೆಲೆ, ಸ್ಟೆಪ್ನಿ ಇದೆಯೇ ಎಂಬುದನ್ನೂ ಕೇಳಿ. ಐದು ವರ್ಷದ ಸರ್ವಿಸ್ ಪ್ಯಾಕೇಜಿನ ದರವನ್ನು ಕಾರು ಬುಕ್ ಮಾಡುವ ಹೊತ್ತಿಗೇ ಗಿಟ್ಟಿಸಿಕೊಳ್ಳುವುದು ಜಾಣತನ. ಕೊಂಡ ಮೇಲೆ ಚೌಕಾಸಿಗೆ ಬೆಲೆಯಿಲ್ಲ.

ವಿದ್ಯುತ್ ಕಾರಿನವರಿಗೆ ಎರಡು ಮಾತು. ಮನೆಯಲ್ಲಿ ಥ್ರೀ ಫೇಸ್ ಸಂಪರ್ಕವಿದ್ದು 11 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದರೆ ರಾತ್ರಿ ಸಿಕ್ಕಿಸಿದ ಕಾರು ಬೆಳಗ್ಗೆ ಭರ್ತಿ. ಯುನಿಟ್ಟಿಗೆ ಆರು ರೂಪಾಯಿ ಹಿಡಿದರೂ ಪೂರ್ತಿ ಚಾರ್ಜಿಗೆ ಐನೂರು ರೂಪಾಯಿ ದಾಟುವುದಿಲ್ಲ. ಅಪಾರ್ಟ್‌ಮೆಂಟಿನವರು ಕಾರಿಗಿಂತ ಮೊದಲು ಸಂಘದ ಒಪ್ಪಿಗೆ ಪಡೆಯಿರಿ. ಓಟದ ಲೆಕ್ಕ ಬೇರೆ. ಇಎಕ್ಸ್30ಕ್ಕೆ ಯುರೋಪಿನ ಪದ್ಧತಿಯಲ್ಲಿ 480 ಕಿ.ಮೀ. ಎಂದರೆ ನಮ್ಮ ಹೆದ್ದಾರಿಯಲ್ಲಿ, ಎಸಿ ಹಾಕಿಕೊಂಡು, 350-380 ಎಂದು ಹಿಡಿಯಿರಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ.; ಹೋಗುವಾಗ ಶಿರಾಡಿ ಘಾಟಿ ಇಳಿಜಾರು, ಬ್ಯಾಟರಿಗೆ ತುಸು ವಾಪಸು ಸಿಗುತ್ತದೆ. ಬರುವಾಗ ಅದೇ ಘಾಟಿ ಹತ್ತಬೇಕು. ಹಾಸನ ಅಥವಾ ಸಕಲೇಶಪುರದ ಬಳಿ ಕಾಫಿಗೆ ನಿಲ್ಲಿಸಿ ಚಾರ್ಜ್ ಮಾಡಿಕೊಳ್ಳುವ ಯೋಜನೆ ಇಟ್ಟುಕೊಂಡರೆ ನೆಮ್ಮದಿ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇಲ್ಲಿ ಲಾಭವಿದೆ, ಬಲೆಯೂ ಇದೆ. ಮಾರಾಟ ಕಡಿಮೆಯಿರುವ ಬ್ರ್ಯಾಂಡಾದ್ದರಿಂದ ವೋಲ್ವೋ ಬೆಲೆ ಬೇಗ ಇಳಿಯುತ್ತದೆ. ನಾಲ್ಕೈದು ವರ್ಷದ ಎಕ್ಸ್‌ಸಿ60 ಹೊಸದರ ಅರ್ಧ ಬೆಲೆಗೇ ಸಿಕ್ಕೀತು. 2017ರ ನಂತರದ ಡೀಸೆಲ್ ಕಾರು ಹೆದ್ದಾರಿಗೆ ಹೇಳಿ ಮಾಡಿಸಿದ್ದು. ಆದರೆ ಎಕ್ಸ್‌ಸಿ90ಯ ಗಾಳಿ ಸಸ್ಪೆನ್ಷನ್ ಸೋರುತ್ತಿದ್ದರೆ ಉಳಿಸಿದ್ದೆಲ್ಲ ಅದಕ್ಕೇ ಹೋದೀತು. ರಾತ್ರಿಯಿಡೀ ನಿಲ್ಲಿಸಿದ ಕಾರನ್ನು ಬೆಳಗ್ಗೆ ಹೋಗಿ ನೋಡಿ. ಒಂದು ಮೂಲೆ ಕುಗ್ಗಿದ್ದರೆ ಅಲ್ಲೇ ಕೈಮುಗಿದು ಬನ್ನಿ. ಅಧಿಕೃತ ಸರ್ವಿಸ್ ದಾಖಲೆ ಇಲ್ಲದ ಕಾರನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡಿದ್ದ ಕಾರೋ, ರೀಕಾಲ್ ಕೆಲಸ ಬಾಕಿಯಿದೆಯೋ ಎಂಬುದನ್ನು ಚಾಸಿಸ್ ನಂಬರಿನಿಂದ ಡೀಲರ್ ಹತ್ತಿರ ತಿಳಿದುಕೊಳ್ಳಿ.

ನನ್ನ ಮಟ್ಟಿಗೆ ಲೆಕ್ಕ ಹೀಗಿದೆ. ಮಕ್ಕಳಿರುವ, ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಿಬರುವ ಕುಟುಂಬಕ್ಕೆ ಎಕ್ಸ್‌ಸಿ60. ಬೆಂಗಳೂರು, ಮೈಸೂರು ಬಿಟ್ಟು ಹೆಚ್ಚು ಆಚೆ ಹೋಗದ, ಮನೆಯಲ್ಲಿ ಇನ್ನೊಂದು ಕಾರಿರುವವರಿಗೆ ಇಎಕ್ಸ್40. ಇಎಕ್ಸ್30 ಬೆಲೆಗೆ ಚೆನ್ನ. ಬ್ಯಾಟರಿಯ ವಿಷಯ ಇತ್ಯರ್ಥವಾದದ್ದು ಖಚಿತವಾಗುವವರೆಗೆ ಕಾಯಿರಿ. ಎಕ್ಸ್‌ಸಿ90 ನಿಜಕ್ಕೂ ಏಳು ಜನ ಓಡಾಡುವವರಿಗೆ ಮಾತ್ರ. ಇಸಿ40 ಬಿಟ್ಟುಬಿಡಿ. ಟೆಸ್ಟ್ ಡ್ರೈವಿಗೆ ಹೋಗುವಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಮಕ್ಕಳ ಆಸನವನ್ನು ಅಲ್ಲೇ ಜೋಡಿಸಿ ನೋಡಿ. ಹಿಂದೆ ಕೂರುವ ಅಜ್ಜಿ ಬೆಲ್ಟ್ ಹಾಕಿಕೊಳ್ಳಲು ಒಪ್ಪದಿದ್ದರೆ ಆ ಮಾತು ಮೊದಲು ಇತ್ಯರ್ಥವಾಗಲಿ. ಮುಂಗಡ ಕೊಡುವುದು ಆಮೇಲೆ.